ಹೊಟ್ಟೆಯೊಳಗೆ ಒಡೆದದ್ದು

ನನ್ನ ಹೊಟ್ಟೆಯೊಳಗಿನ ಕೀವಿನ ಗಡ್ಡೆ ಒಡೆದದ್ದು ಒಂದು ಶನಿವಾರ, ನೆದರ್ಲೆಂಡ್ಸಿನ ವಾಗೆನಿಂಗನ್ ಊರಿನ ಸಂತೆಯಲ್ಲಿ ನಾನು ಬದನೆಕಾಯಿ ಆರಿಸುತ್ತಿದ್ದಾಗ. ಒಡೆಯಿತು ಅಂತ ಆಗ ಗೊತ್ತಾಗಲಿಲ್ಲ. ಯಾರೋ ಕಿಬ್ಬೊಟ್ಟೆಗೆ ಕುಡುಗೋಲು ಹಾಕಿ ಎಳೆದ ಹಾಗಾಯಿತು. ತರಕಾರಿ ಡಬ್ಬಿಗಳ ಮೇಲೆ ಬಿದ್ದೆ. ಮೊಣಕಾಲಿಗೆ ಕಲ್ಲುಹಾಸು ಬಡಿಯಿತು, ವಾಂತಿಯೆಲ್ಲ ಅಂಗಡಿಯವನ ಬೂಟಿನ ಮೇಲೆ ಹೋಯಿತು. ಅದರಲ್ಲಿ ವೈನಿನ ವಾಸನೆ ಇತ್ತು. ನೋವು ತಡೆಯಲಾಗದೆ ಅವತ್ತು ಬೆಳಿಗ್ಗೆ ಎದ್ದವಳೇ ಕುಡಿದಿದ್ದೆ.

ಅಂಗಡಿಯವನು ಹೆಂಡತಿಗೆ ಡಚ್ಚಿನಲ್ಲಿ ಏನೋ ಅಂದ. ನನಗೆ ಅರ್ಥವಾದದ್ದು ಒಂದೇ ಮಾತು, ಕುಡಿದಿದ್ದಾಳೆ. ಜನ ನನ್ನ ಪಕ್ಕದಿಂದ ಸುತ್ತಿ ಮುಂದೆ ಹೋದರು.

ಚೀಸ್ ಅಂಗಡಿಯ ಕಡೆಯಿಂದ ಓಡಿ ಬಂದವಳು ಇಮಾನಿ. ಅವಳು ಅಮೆರಿಕದ ಜಾರ್ಜಿಯಾ ರಾಜ್ಯದ ಒಂದು ಸಣ್ಣ ಊರಿನ ಆಫ್ರಿಕನ್-ಅಮೆರಿಕನ್ ಹುಡುಗಿ. ಮಣ್ಣಿನ ವಿಜ್ಞಾನ ಓದಲು ಬಂದಿದ್ದಳು. ಒಂದೇ ಮನೆಯಲ್ಲಿ ಎದುರುಬದುರು ಕೋಣೆ ನಮ್ಮದು, ಅಡುಗೆಮನೆ ಒಂದೇ. ನನ್ನ ಮುಖ ನೋಡಿದ್ದೇ ಅವಳು ಆಂಬುಲೆನ್ಸ್ ಕರೆಯಿರಿ ಅಂತ ಕೂಗತೊಡಗಿದಳು. ಸಂತೆಯ ಕಾವಲಿನವನು ಬಂದು ನನ್ನನ್ನು ನೋಡುವ ಬದಲು ಅವಳ ತೋಳು ಹಿಡಿದು ಹಿಂದಕ್ಕೆ ನೂಕಿದ. ಎತ್ತರದ ಕಪ್ಪು ಹುಡುಗಿಯೊಬ್ಬಳು ಕೂಗಾಡುತ್ತಿದ್ದಾಳೆ, ಅವನ ಕಣ್ಣಿಗೆ ಕಂಡ ಅಪಾಯ ಅದೊಂದೇ. ಅವಳು ನೂಕಿಸಿಕೊಂಡಳು, ಆದರೆ ನನ್ನ ಕೈ ಬಿಡಲಿಲ್ಲ.

ಆಂಬುಲೆನ್ಸಿನವನು ಹೊಟ್ಟೆ ಒತ್ತಿ ನೋಡಿದಾಗ ನಾನು ನನ್ನ ಅಂಗೈಯನ್ನೇ ರಕ್ತ ಬರುವ ಹಾಗೆ ಕಚ್ಚಿದೆ. ಕುಡಿದಿದ್ದೀರಾ ಅಂತ ಕೇಳಿದ. ಉತ್ತರ ಕೊಟ್ಟವಳು ಇಮಾನಿ.

"ಹೌದು, ಕುಡಿದಿದ್ದಾಳೆ. ಸಾಯುತ್ತಲೂ ಇದ್ದಾಳೆ. ಎರಡೂ ಒಟ್ಟಿಗೆ ಆಗಬಹುದು."

ಆಮೇಲೆ ಅವನ ಕೈ ಚುರುಕಾಯಿತು.

ನಾನು ಅಕ್ಷತಾ, ಗದಗಿನವಳು. ಬೀಜಗಳ ಮೇಲೆ ಸಂಶೋಧನೆ ಮಾಡುತ್ತೇನೆ. ನನಗಿಂತ ಮೊದಲೇ ಈ ದೇಶಕ್ಕೆ ಬಂದಿದ್ದ ನಮ್ಮಣ್ಣ ಗಿರೀಶ, ಎಂಜಿನಿಯರು, ವಿಮಾನ ನಿಲ್ದಾಣದ ಪಕ್ಕದ ಬಾಡ್‌ಹೂವೆಡಾರ್ಪ್‌ನಲ್ಲಿ ಹೆಂಡತಿ, ನನ್ನ ಅತ್ತಿಗೆ ಸುನಂದಾ ವೈನಿಯ ಜೊತೆ ಇದ್ದ. ನಮ್ಮ ಮನೆಯಲ್ಲಿ ಯಾರೂ ಕುಡಿದವರಲ್ಲ. ನಾನು ಇಲ್ಲಿಗೆ ಬಂದ ಮೇಲೆ ಶುಕ್ರವಾರ ಸಂಜೆ ಲ್ಯಾಬಿನವರ ಜೊತೆ ಬಿಯರು, ಮನೆಗೆ ಬಂದರೆ ಇಮಾನಿಯ ಜೊತೆ ವೈನು. ಕುಡಿದಾಗ ನನಗೆ ಮಾತು ಬರುತ್ತಿತ್ತು. ಊರಿನಲ್ಲಿ ಇಪ್ಪತ್ತು ವರ್ಷ ನುಂಗಿದ್ದ ಮಾತುಗಳು ಆ ಅಡುಗೆಮನೆಯಲ್ಲಿ ಹೊರಗೆ ಬಂದವು. ಇಮಾನಿ ನನಗಿಂತ ಹೆಚ್ಚು ಕುಡಿಯುತ್ತಿದ್ದಳು, ನನಗಿಂತ ಹೆಚ್ಚು ನಗುತ್ತಿದ್ದಳು. ಆ ಸಂಜೆಗಳನ್ನು ಕೆಟ್ಟವು ಅಂತ ನಾನು ಈಗಲೂ ಹೇಳಲಾರೆ.

ನಿಖಿಲ್ ಪರಿಚಯವಾದದ್ದು ಅಣ್ಣನಿಂದಲೇ. ಮೈಸೂರಿನವನು, ಕಾಪೆಲ್ಲೆ ಆನ್ ಡೆನ್ ಐಸೆಲ್‌ನಲ್ಲಿ ಐಟಿ ಕೆಲಸ. ಭಾನುವಾರ ಅಣ್ಣನ ಜೊತೆ ಕ್ರಿಕೆಟ್ ಆಡುತ್ತಿದ್ದ. ಇಲ್ಲಿನ ಕನ್ನಡಿಗರ ರಾಜ್ಯೋತ್ಸವಕ್ಕೆ ಅವನೇ ನಿರೂಪಕ. ಹುಡುಗ ಚೊಲೊ ಇದ್ದಾನ ಅಂತ ಅಣ್ಣ ಅವ್ವನಿಗೆ ಆಗಲೇ ಫೋನಿನಲ್ಲಿ ಹೇಳಿಬಿಟ್ಟಿದ್ದ.

ನಿಖಿಲ್ ತಾನು ಕಡಿಮೆ ಕುಡಿಯುತ್ತಿದ್ದ, ನನ್ನ ಲೋಟ ಖಾಲಿಯಾಗಲು ಬಿಡುತ್ತಿರಲಿಲ್ಲ. ಕುಡಿದ ನಾನು ಬೇಡ ಅನ್ನಲಾರೆ ಅನ್ನುವುದು ಅವನಿಗೆ ಬೇಗ ಗೊತ್ತಾಯಿತು. ಕಾಂಡೋಮಿನ ಮಾತು ಎತ್ತಿದರೆ, "ಟ್ರಸ್ಟ್ ಇಲ್ವಾ ನಿಂಗೆ?" ಅನ್ನುತ್ತಿದ್ದ. ಹಾಗೆ ಅನ್ನುವಾಗ ದನಿ ಬಹಳ ಮೆದುವಾಗಿರುತ್ತಿತ್ತು. ಮೊದಲ ಸಲ ಹೊಡೆದದ್ದು ನಾನು ಬೇರೆ ಯಾರದೋ ಜೋಕಿಗೆ ನಕ್ಕೆ ಅಂತ. ಕಾರಿನಲ್ಲಿ, ಸಿಗ್ನಲ್ ಬಿದ್ದಿದ್ದಾಗ, ಹಿಂಗೈಯಿಂದ ಬಾಯಿಗೆ ಬಾರಿಸಿದ. ಹಸಿರು ಬಂದ ಕೂಡಲೇ ಏನೂ ಆಗದವನ ಹಾಗೆ ಗೇರ್ ಹಾಕಿದ. ಆಮೇಲೆ ಅದು ಅಭ್ಯಾಸವಾಯಿತು. ಕೂದಲು ಸುತ್ತಿ ಎಳೆಯುವುದು, ಬಾಗಿಲಿಗೆ ಬೆರಳು ಸಿಕ್ಕಿಸುವುದು, ಕುತ್ತಿಗೆ ಅದುಮಿ ಹಿಡಿದು ಒಂದು, ಎರಡು ಅಂತ ಎಣಿಸುವುದು. ಅವನ ಮನೆಗೆ ಹೋಗುವ ದಿನ ನಾನು ರೈಲಿನಲ್ಲೇ ನೀರಿನ ಬಾಟಲಿಯಿಂದ ವೈನ್ ಕುಡಿಯತೊಡಗಿದೆ. ಏಟು ಬಿದ್ದಾಗ ಅದು ಬೇರೆ ಯಾರಿಗೋ ಬಿದ್ದಂತೆ ಇರುತ್ತಿತ್ತು. ಯಾಕೆ ಹೋಗುತ್ತಿದ್ದೆ ಅಂತ ಎಷ್ಟೋ ಜನ ಕೇಳಿದ್ದಾರೆ. ಹೋಗದಿದ್ದರೆ ಅಣ್ಣನಿಗೆ ಕಾರಣ ಹೇಳಬೇಕಿತ್ತು.

ಒಂದು ಚಳಿಗಾಲದ ಕೊನೆಗೆ ಉರಿಮೂತ್ರ ಶುರುವಾಯಿತು. ಜೊತೆಗೆ ಹಳದಿ ಬಣ್ಣದ ಸ್ರಾವ. ಇಲ್ಲಿ ಏನೇ ಆದರೂ ಮೊದಲು ಹುಯ್ಸಾರ್ಟ್ಸ್, ಅಂದರೆ ಮನೆವೈದ್ಯರ ಹತ್ತಿರ ಹೋಗಬೇಕು. ಉರಿ ಅಂತ ಮಾತ್ರ ಹೇಳಿದೆ, ಉಳಿದದ್ದನ್ನು ಮುಚ್ಚಿಟ್ಟೆ. ಅವರು ಮೂತ್ರದ ಸೋಂಕಿಗೆ ಮಾತ್ರೆ ಕೊಟ್ಟರು. ಉರಿ ಸ್ವಲ್ಪ ಇಳಿಯಿತು, ಕಿಬ್ಬೊಟ್ಟೆಯ ನೋವು ಅಲ್ಲೇ ಕೂತಿತು.

ನೀನೂ ಒಂದು ಸಲ ಟೆಸ್ಟ್ ಮಾಡಿಸಿಕೋ ಅಂತ ನಿಖಿಲ್‌ಗೆ ಹೇಳಿದ್ದು ಅವನ ಅಡುಗೆಮನೆಯಲ್ಲಿ, ಮಟಮಟ ಮಧ್ಯಾಹ್ನ. ಅವನು ಈರುಳ್ಳಿ ಹೆಚ್ಚುತ್ತಿದ್ದ. ಚಾಕುವನ್ನು ನಿಧಾನವಾಗಿ ಕೆಳಗಿಟ್ಟು ಕೈ ತೊಳೆದ, ಟವೆಲ್ಲಿನಲ್ಲಿ ಒರೆಸಿಕೊಂಡ. ಆ ನಿಧಾನ ನೋಡಿ ನನಗೆ ಬಾಗಿಲ ಕಡೆ ಓಡಬೇಕು ಅನ್ನಿಸಿತು, ಓಡಲಿಲ್ಲ. ಅವನು ನನ್ನ ಕೂದಲು ಹಿಡಿದು ಮುಖವನ್ನು ಗೋಡೆಯ ಟೈಲಿಗೆ ಬಡಿದ. ಇನ್ನೊಮ್ಮೆ ಬಡಿದ. ಹಲ್ಲು ಮುರಿದ ಸದ್ದು ತಲೆಬುರುಡೆಯ ಒಳಗಿನಿಂದ ಕೇಳಿಸಿತು.

"ಕುಡ್ಕೊಂಡು ಎಲ್ಲೆಲ್ಲಿ ಬಿದ್ದಿರ್ತೀಯೋ, ನಂಗೆ ಟೆಸ್ಟಾ?" ಅಂದ. ಏರುದನಿಯಲ್ಲಿ ಅಲ್ಲ, ವೇದಿಕೆಯ ಮೇಲೆ ಮಾತಾಡುವ ದನಿಯಲ್ಲೇ.

ನೆಲದ ಮೇಲೆ ಬಿದ್ದವಳ ಹೊಟ್ಟೆಗೆ ಒದ್ದ. ಅವನ ಫೋನ್ ಬಡಿದುಕೊಂಡಿತು, ಮಾತಾಡಲು ಬಾಲ್ಕನಿಗೆ ಹೋದ. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿದೆ. ಸೈಕಲ್ಲಿನಿಂದ ಬಿದ್ದೆ ಅಂತ ಲ್ಯಾಬಿನಲ್ಲಿ ಹೇಳಿದೆ. ಈ ದೇಶದಲ್ಲಿ ಆ ಸುಳ್ಳನ್ನು ಯಾರೂ ಅನುಮಾನಿಸುವುದಿಲ್ಲ.

ಇಮಾನಿ ಮಾತ್ರ ನಂಬಲಿಲ್ಲ. ಎಲ್ಲ ಕೇಳಿಸಿಕೊಂಡು, ಲೈಂಗಿಕ ಆರೋಗ್ಯದ ಕ್ಲಿನಿಕ್ಕಿಗೆ ನಾಳೆಯೇ ಹೋಗು ಅಂದಳು. ಮುಂದಿನ ವಾರ ಅಂದೆ. ಆ ಮನೆಗೆ ಮತ್ತೆ ಕಾಲಿಡಲಿಲ್ಲ, ಅವನ ಫೋನ್ ಎತ್ತಲಿಲ್ಲ, ಆದರೆ ಕ್ಲಿನಿಕ್ಕಿಗೂ ಹೋಗಲಿಲ್ಲ. ಅಲ್ಲಿ ಬಟ್ಟೆ ಬಿಚ್ಚಿದರೆ ಮೈಮೇಲಿನ ಕಲೆ ಕಾಣುತ್ತದೆ ಅನ್ನುವ ಹೆದರಿಕೆ. ಜ್ವರ ಬಂದರೆ ಕುಡಿದು ಮಲಗುತ್ತಿದ್ದೆ. ಸಂತೆಯ ದಿನದವರೆಗೂ ಹಾಗೇ ನಡೆಯಿತು.

ಎಚ್ಚರವಾದಾಗ ಮೂಗಿನಲ್ಲಿ ಕೊಳವೆ, ಹೊಟ್ಟೆಯ ಮಧ್ಯದಲ್ಲಿ ಉದ್ದಕ್ಕೆ ಹೊಲಿಗೆ, ಪಕ್ಕದಲ್ಲಿ ಕೀವು ಇಳಿಯುವ ಚೀಲ. ನನಗಿಂತ ಸ್ವಲ್ಪವೇ ದೊಡ್ಡವರಾದ ಸ್ತ್ರೀರೋಗ ವೈದ್ಯೆ ಮಂಚದ ಅಂಚಿನಲ್ಲಿ ಕೂತು ಹೇಳಿದರು. ಗೊನೊರಿಯಾ, ಅಂದರೆ ಸಂಭೋಗದಿಂದ ಹರಡುವ ಸೋಂಕು, ಗರ್ಭಕೋಶದಿಂದ ಮೇಲಕ್ಕೆ ಹತ್ತಿ ಕೀವು ಕಟ್ಟಿದೆ. ಬಲಗಡೆಯ ಅಂಡಾಶಯವನ್ನೂ ಅಂಡನಾಳವನ್ನೂ ತೆಗೆಯಬೇಕಾಯಿತು. ಎಡಗಡೆಯದು ಉಳಿದಿದೆ, ಮಗು ಆಗಬಹುದು, ಆಗದೆಯೂ ಇರಬಹುದು. ಎಚ್‌ಐವಿ ಪರೀಕ್ಷೆಗೆ ರಕ್ತ ಕಳಿಸಿದ್ದಾರೆ, ಕೆಲವು ವಾರ ಬಿಟ್ಟು ಇನ್ನೊಮ್ಮೆ ಕೊಡಬೇಕು. ಅಷ್ಟು ಹೇಳಿ ನನ್ನ ಮುರಿದ ಹಲ್ಲು ನೋಡಿದರು. ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ ಅಂತ ಕೇಳಿದರು. ನಾನು ಗೋಡೆ ನೋಡಿದೆ.

ಮಾರನೆಯ ದಿನ ಆ ಗೋಡೆ ತುಂಬ ಇರುವೆ ಹರಿದಾಡತೊಡಗಿದವು. ಕೈ ನಡುಗಿ ನೀರಿನ ಲೋಟ ಹಾರಿಹೋಯಿತು. ಸೂಜಿ ಕಿತ್ತುಕೊಂಡೆ, ಹಿಡಿಯಲು ಬಂದ ನರ್ಸನ್ನು ಪರಚಿದೆ, ಹೊಲಿಗೆಯ ನೋವಿಗೆ ಕಿರುಚಿದೆ. ಕುಡಿತ ಒಮ್ಮೆಗೇ ನಿಂತದ್ದಕ್ಕೆ ಮೈ ಹಾಗೆ ಮಾಡುತ್ತದಂತೆ. ನಾನು ಕುಡುಕಿ ಅಂತ ನನಗೆ ಗೊತ್ತಾದದ್ದು ಹಾಗೆ, ಕೈಕಾಲು ಅದುಮಿ ಹಿಡಿದವರ ನಡುವೆ. ದಿನಕ್ಕೆ ಎಷ್ಟು ಅಂತ ಕೇಳಿದಾಗ ಮೊದಲ ಸಲ ನಿಜ ಹೇಳಿದೆ, ಅವರು ಅದಕ್ಕೂ ಔಷಧ ಶುರುಮಾಡಿದರು. ನಾನು ಪರಚಿದ್ದ ನರ್ಸು, ವಯಸ್ಸಾದವರು, ಮುಂಗೈಗೆ ಪಟ್ಟಿ ಅಂಟಿಸಿಕೊಂಡೇ ಬಂದು ನನ್ನ ತಲೆಗೂದಲು ತೊಳೆದರು. ಸಂತೆಯ ವಾಂತಿ ಅದರಲ್ಲಿ ಇನ್ನೂ ಗಂಟುಗಟ್ಟಿತ್ತು. ಅರ್ಧ ಗಂಟೆ ಬಿಡಿಸಿದರು, ಒಂದು ಎಳೆಯನ್ನೂ ಎಳೆಯಲಿಲ್ಲ. ಕೂದಲಿಗೆ ಕೈ ಬಂದಾಗಲೆಲ್ಲ ನನ್ನ ಕತ್ತು ಸೆಟೆದುಕೊಳ್ಳುತ್ತಿತ್ತು. ಅವರು ನಿಲ್ಲಿಸಿ, ಅದು ಸಡಿಲಾಗುವ ತನಕ ಕಾದು, ಮತ್ತೆ ಮುಂದುವರಿಸುತ್ತಿದ್ದರು.

ಅಣ್ಣ, ವೈನಿ ಬಂದರು. ಏನಾಗಿದೆ ಅಂತ ಅಣ್ಣ ವೈದ್ಯೆಯನ್ನು ಕೇಳಿದರೆ, ಅವಳು ಒಪ್ಪಿದರೆ ಮಾತ್ರ ಹೇಳುತ್ತೇನೆ ಅಂದರು. ಅಣ್ಣನ ಮುಖ ಕೆಂಪಾಯಿತು. ಅಪೆಂಡಿಕ್ಸ್ ಒಡೆದಿತ್ತು ಅಂತ ನಾನೇ ಹೇಳಿದೆ. ಇಮಾನಿ ತುಟಿ ಕಚ್ಚಿಕೊಂಡು ಕಿಟಕಿಯ ಹೊರಗೆ ನೋಡಿದಳು. ಡಿಸ್ಚಾರ್ಜ್ ಆದ ಮೇಲೆ ಅಣ್ಣ ನನ್ನನ್ನು ಬಾಡ್‌ಹೂವೆಡಾರ್ಪ್‌ಗೆ ಕರೆದುಕೊಂಡು ಹೋದ.

ವೈನಿ ಜೋಳದ ನುಚ್ಚು ಮಾಡಿ ಮಜ್ಜಿಗೆ ಹಾಕಿ ಕೊಡುತ್ತಿದ್ದಳು. ವಿಮಾನ ಇಳಿಯುವಾಗಲೆಲ್ಲ ಕಿಟಕಿಯ ಗಾಜು ನಡುಗುತ್ತಿತ್ತು. ಬಚ್ಚಲಲ್ಲಿ ಬೆನ್ನು ಒರೆಸುವಾಗ ಹಳೆಯ ಕಲೆಗಳ ಮೇಲೆ ಅವಳ ಕೈ ಸ್ವಲ್ಪ ಹೊತ್ತು ನಿಂತು ಮುಂದೆ ಹೋಯಿತು.

ಈ ರೋಗ ಬಂದರೆ ಜೊತೆಗಿದ್ದವರಿಗೂ ತಿಳಿಸಬೇಕು ಅನ್ನುವುದು ಇಲ್ಲಿನ ಪದ್ಧತಿ. ಆಸ್ಪತ್ರೆಯಲ್ಲೇ ನಿಖಿಲ್‌ನ ನಂಬರು ಕೊಟ್ಟಿದ್ದೆ. ನನ್ನ ಹೆಸರು ಹೇಳದೆ, ಪರೀಕ್ಷೆ ಮಾಡಿಸಿಕೊಳ್ಳಿ ಅಂತ ಅವನಿಗೆ ಸಂದೇಶ ಹೋಯಿತು. ಅವನಿಗೆ ಹೆಸರು ಬೇಕಿರಲಿಲ್ಲ. ಅವನು ಕ್ಲಿನಿಕ್ಕಿಗೆ ಹೋಗಲಿಲ್ಲ, ನಮ್ಮಣ್ಣನಿಗೆ ಫೋನ್ ಮಾಡಿದ.

ಭಾನುವಾರ ಮಧ್ಯಾಹ್ನ. ವೈನಿ ಒಳಗೆ ಚಪಾತಿ ಲಟ್ಟಿಸುತ್ತಿದ್ದಳು, ನಾನು ಸೋಫಾದ ಮೇಲೆ ಮಲಗಿದ್ದೆ. ಹಿತ್ತಲಲ್ಲಿ ಫೋನ್ ಮುಗಿಸಿ ಬಂದ ಅಣ್ಣ ಬಾಗಿಲಲ್ಲೇ ನಿಂತ.

"ಖರೇ ಹೇಳು, ಅಕ್ಕು. ಕುಡದು ಗಂಡಸರ ಕೂಡ ತಿರುಗಿ ರೋಗ ಹಚ್ಚಿಕೊಂಡೀ ಅಂತ ಹೇಳ್ತಾನ ನಿಖಿಲ್. ಅಂವಗೂ ಹಚ್ಚೀ ಅಂತ. ಖರೇನ?"

"ರೋಗ ನನಗ ಅವನಿಂದನ ಬಂದದ್ದು, ಅಣ್ಣಾ. ಅವನ ಬಿಟ್ಟು ಯಾರೂ ಇರಲಿಲ್ಲ," ಅಂದೆ. ನಿಖಿಲ್ ನನ್ನ ಹಲ್ಲು ಮುರಿದದ್ದನ್ನೂ ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಅಣ್ಣನ ಕೈ ಕಪಾಳಕ್ಕೆ ಬಿತ್ತು. ರೆಟ್ಟೆ ಹಿಡಿದು ಸೋಫಾದಿಂದ ಕೆಳಗೆ ಎಳೆದ. ಟೀಪಾಯಿಯ ಮೂಲೆ ಪಕ್ಕೆಗೆ ಹೊಕ್ಕಿತು. ಮಂದಿಗೆ ಹ್ಯಾಂಗ ಮುಖ ತೋರಸ್ಲಿ ಅನ್ನುತ್ತ ಬೆನ್ನಿಗೆ, ತಲೆಗೆ, ಎಲ್ಲಿ ಸಿಕ್ಕರೆ ಅಲ್ಲಿ ಹೊಡೆದ. ನಾನು ಹೊಟ್ಟೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡೆ. ಅವನ ಕಾಲು ಆ ಕೈಗಳ ಮೇಲೇ ಬಿತ್ತು. ಒಳಗೆ ಏನೋ ಪರ್ರನೆ ಹರಿಯಿತು, ನೈಟಿ ಬಿಸಿಯಾಗಿ ಒದ್ದೆಯಾಯಿತು. ಕೆಂಪು ನೋಡಿಯೂ ಅವನು ಮತ್ತೆ ಕೈ ಎತ್ತಿದ.

ಎತ್ತಿದ ಕೈಗೆ ಲಟ್ಟಣಿಗೆ ಬಿತ್ತು. ಮಣಿಕಟ್ಟಿನ ಎಲುಬು ಚಟ್ಟೆಂದಿತು. ಅಣ್ಣ ಕೂಗಿ ಕುಸಿದ. ವೈನಿ ಅವನಿಗೂ ನನಗೂ ನಡುವೆ ನಿಂತಿದ್ದಳು, ಮೊಣಕೈತನಕ ಹಿಟ್ಟು.

"ಲಗ್ನ ಆದಾಗಿಂದ ನನ್ನ ಮೈಮ್ಯಾಲೆ ಬಿದ್ದದ್ದಕ್ಕ ನಾ ಸುಮ್ಮನಿದ್ದೆ. ಇಕಿ ಹೊಟ್ಟಿ ಕೊಯ್ದಾರ. ಇನ್ನೊಮ್ಮೆ ಕೈ ಎತ್ತಿದ್ರ ತಲೀಗೆ ಬೀಳ್ತದ."

ಅವಳ ಮಾತು ಮೆಲ್ಲಗಿತ್ತು. ಅವಳ ಮೇಲೂ ಕೈ ಏಳುತ್ತದೆ ಅನ್ನುವುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅದೇ ಹಿಟ್ಟಿನ ಕೈಯಲ್ಲಿ ಫೋನ್ ಎತ್ತಿ ಪೊಲೀಸರನ್ನೂ ಆಂಬುಲೆನ್ಸನ್ನೂ ಕರೆದಳು. ಡಚ್ಚು ಅಷ್ಟು ಬರದವಳು, ಗಂಡ ಹೊಡೆಯುತ್ತಾನೆ ಅನ್ನುವ ವಾಕ್ಯವನ್ನು ತಡೆಯದೆ ಹೇಳಿದಳು. ಅದನ್ನು ಯಾವಾಗಲೋ ಕಲಿತು ಇಟ್ಟುಕೊಂಡಿದ್ದಳು ಅಂತ ಕಾಣುತ್ತದೆ. ಅಣ್ಣ ಮುರಿದ ಕೈ ಎದೆಗೆ ಒತ್ತಿಕೊಂಡು ನೆಲದ ಮೇಲೆ ಕೂತಿದ್ದ. ನನ್ನ ರಕ್ತ ನೋಡಿ ಚಿಕ್ಕಂದಿನಲ್ಲಿ ಅಳುತ್ತಿದ್ದ ಹಾಗೆ ಬಾಯಿ ತೆರೆದು ಅಳತೊಡಗಿದ. ಅವನ ಹತ್ತಿರ ನಾವು ಯಾರೂ ಹೋಗಲಿಲ್ಲ. ಪೊಲೀಸರು ಅವನನ್ನು ಕರೆದುಕೊಂಡು ಹೋದರು, ಕೆಲವು ದಿನ ಮನೆಗೆ ಬರಬಾರದು ಅಂತ ಆದೇಶ ಆಯಿತು.

ನನಗೆ ಮತ್ತೆ ಹೊಲಿಗೆ ಹಾಕಿದರು. ಅವ್ವ ಗದಗಿನಿಂದ ಫೋನ್ ಮಾಡಿ, ಅಣ್ಣನ ಮನಿ ಮುರದಿ, ನೀ ಆ ಸಂತ್ಯಾಗ ಸತ್ತಿದ್ರ ಚೊಲೊ ಇತ್ತು ಅಂದಳು. ಫೋನ್ ಇಟ್ಟ ಮೇಲೆ ಕುಡಿಯಬೇಕು ಅನ್ನಿಸಿದಷ್ಟು ಬಲವಾಗಿ ಜೀವನದಲ್ಲಿ ಮತ್ತೇನೂ ಅನ್ನಿಸಿರಲಿಲ್ಲ. ಎದ್ದು ನಡೆಯಲು ಬರುತ್ತಿರಲಿಲ್ಲ, ಹಾಗಾಗಿ ಉಳಿದೆ. ಈಗ ಅವ್ವ ಫೋನ್ ಮಾಡುತ್ತಾಳೆ, ಮಳೆ, ಮಂದಿ, ಉಪ್ಪಿನಕಾಯಿ ಎಲ್ಲ ಮಾತಾಡುತ್ತಾಳೆ, ಹೊಟ್ಟೆಯ ಸುದ್ದಿ ತೆಗೆಯುವುದಿಲ್ಲ.

ಎಚ್‌ಐವಿ ಎರಡನೆಯ ಸಲವೂ ಇಲ್ಲ ಅಂತ ಬಂತು. ಇಮಾನಿಯ ಜೊತೆಗಿನ ಮನೆಗೆ ವಾಪಸಾಗಿ ಆ ಫೋನಿಗೆ ಕಾಯುತ್ತಿದ್ದ ವಾರಗಳಲ್ಲಿ ನಾನು ನನ್ನ ಲೋಟ, ತಟ್ಟೆ ಬೇರೆ ಇಟ್ಟಿದ್ದೆ. ಹಾಗೆ ಹರಡುವುದಿಲ್ಲ ಅಂತ ಗೊತ್ತಿದ್ದೂ ಇಟ್ಟಿದ್ದೆ. ಇಮಾನಿ ಬೇಕಂತಲೇ ನನ್ನ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದಳು. ನಿಖಿಲ್ ಮೇಲೆ ದೂರು ಕೊಟ್ಟಿದ್ದೇನೆ. ಹಲ್ಲಿನ ಎಕ್ಸ್-ರೇ ಇದೆ, ಸಾಕ್ಷಿ ಇಲ್ಲ, ಇನ್ನೂ ನಡೆಯುತ್ತಿದೆ. ಈ ಸಲದ ಯುಗಾದಿ ಕಾರ್ಯಕ್ರಮಕ್ಕೂ ಅವನೇ ನಿರೂಪಕನಾಗಿದ್ದ ಅಂತ ಯಾರೋ ಹೇಳಿದರು. ವೈನಿ ಅಣ್ಣನ ಜೊತೆ ಇಲ್ಲ. ನಾನು ಕುಡಿತ ಬಿಡುವವರ ಗುಂಪಿಗೆ ಹೋಗುತ್ತೇನೆ, ನಡುವೆ ಒಮ್ಮೆ ಜಾರಿದೆ, ಮತ್ತೆ ಹೋದೆ.

ಇಮಾನಿ ಕುಡಿಯುತ್ತಲೇ ಇದ್ದಳು. ನನ್ನ ಎದುರಿಗೆ ಅಲ್ಲ, ಕೋಣೆಯಲ್ಲಿ.

ಕಳೆದ ವಸಂತದಲ್ಲಿ ಒಂದು ಮಧ್ಯಾಹ್ನ ಅವಳು ಅಡುಗೆಮನೆಗೆ ಬಂದಾಗ ಒಳಗೂ ಕೋಟು ಹಾಕಿಕೊಂಡೇ ಇದ್ದಳು, ಕತ್ತಿನ ತನಕ ಗುಂಡಿ. ಗುಂಡಿಗಿಂತ ಮೇಲೆ, ಕುತ್ತಿಗೆಯಲ್ಲಿ, ಬೆರಳಿನ ಗುರುತು ಕಂಡಿತು. ಹಿಂದಿನ ದಿನ ಯಾರದೋ ಪಾರ್ಟಿ, ಮೂರನೆಯ ಲೋಟದ ಆಚೆಗೆ ಏನೂ ನೆನಪಿಲ್ಲ, ಎದ್ದದ್ದು ಗೊತ್ತಿಲ್ಲದ ಸೋಫಾದ ಮೇಲೆ ಅಂದಳು. ಕ್ಲಿನಿಕ್ಕಿಗೆ ಹೋಗೋಣ ಅಂದೆ. ಹೋಗುವುದಿಲ್ಲ ಅಂದಳು. ನನ್ನನ್ನು ಹೋಗು ಹೋಗು ಅಂತ ಕಾಡಿದವಳು ನೀನೇ ಅಲ್ಲವಾ ಅಂದದ್ದಕ್ಕೆ, ಕೈಯಲ್ಲಿದ್ದ ಲೋಟವನ್ನು ನನ್ನ ತಲೆಯ ಪಕ್ಕದ ಗೋಡೆಗೆ ಎಸೆದಳು. ಗಾಜಿನ ಚೂರೊಂದು ನನ್ನ ಕಿವಿ ಗೀರಿತು. ನಾನು ಹೆದರಿದೆ. ನನಗಿಂತ ಅವಳು ಹೆದರಿದಳು.

ಆಮೇಲೆ ನೆಲದ ಮೇಲೆ ಕೂತು ಹೇಳಿದಳು. ಹತ್ತೊಂಬತ್ತರ ವಯಸ್ಸಿನಲ್ಲಿ ಅವಳ ಹೊಟ್ಟೆಯೂ ನನ್ನದರ ಹಾಗೇ ಹೊತ್ತಿಕೊಂಡಿತ್ತು. ಅವಳೂರಿನ ಆಸ್ಪತ್ರೆಯಲ್ಲಿ ಬಾಯಿ ಮೂಸಿ ನೋಡಿದರು, ಎಷ್ಟು ಗಂಡಸರು ಅಂತ ಕೇಳಿದರು. ನೋವಿಗೆ ಕಿರುಚಿದಾಗ ಕಾವಲಿನವರನ್ನು ಕರೆಸಿದರು. ಇಬ್ಬರು ತೋಳು ತಿರುಚಿ ಹೊರಗೆ ಬಿಟ್ಟರು. ವಾರದ ಮೇಲೆ ಬೇರೆ ಊರಿನಲ್ಲಿ ಆಪರೇಷನ್ ಆಗುವಷ್ಟರಲ್ಲಿ ಎರಡೂ ಕಡೆಯ ನಾಳ ಹೋಗಿದ್ದವು. ಅವಳು ಮನೆಗೆ ಬಂದಾಗ ಅಮ್ಮ ಅವಳು ಮಿಂದ ತೊಟ್ಟಿಗೆ ಪ್ರತಿ ಸಲ ಬ್ಲೀಚ್ ಸುರಿಯುತ್ತಿದ್ದಳಂತೆ. ಸಂತೆಯಲ್ಲಿ ನನ್ನ ಮುಖ ನೋಡಿದ ಕೂಡಲೇ ಅವಳಿಗೆ ಹೇಗೆ ತಿಳಿಯಿತು ಅಂತ ನಾನು ಯಾವತ್ತೂ ಕೇಳಿರಲಿಲ್ಲ.

ನಾನು ಗಾಜು ಗುಡಿಸಿದೆ. ಅವಳ ಬೂಟಿನ ಲೇಸು ಕಟ್ಟಿದೆ. ಬಸ್ಸಿನಲ್ಲಿ ಎರಡು ಸಲ ಇಳಿಯಲು ಎದ್ದಳು, ಎರಡು ಸಲವೂ ಅವಳ ಕೋಟಿನ ತುದಿ ಹಿಡಿದು ಕೂರಿಸಿದೆ. ಕಾಯುವ ಕೋಣೆಯಲ್ಲಿ ನಮ್ಮ ಎದುರು ಮೂವರು ಹುಡುಗರು ಬುಟ್ಟಿಯಲ್ಲಿದ್ದ ಕಾಂಡೋಮ್ ನೋಡಿ ಒಬ್ಬರನ್ನೊಬ್ಬರು ತಿವಿದು ನಗುತ್ತಿದ್ದರು. ಇಮಾನಿ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳು ಬೆಳ್ಳಗಾದವು.

ಹೆಸರು ಕರೆದರು. ಅವಳು ಎದ್ದಳು, ಕೈ ಬಿಡಲಿಲ್ಲ. ಜೊತೆಗಿರುವವರು ಯಾರು ಅಂತ ನರ್ಸು ಕೇಳಿದಳು. ನನ್ನ ತಂಗಿ ಅಂದಳು ಇಮಾನಿ. ನರ್ಸು ನಮ್ಮಿಬ್ಬರ ಮುಖ ನೋಡಿದಳು. ಪಕ್ಕದ ಕೋಣೆಯಿಂದ ಇನ್ನೊಂದು ಕುರ್ಚಿ ತಂದು ಹಾಕಿದಳು, ಬಾಗಿಲು ಮುಚ್ಚಿದಳು.

"ನಿನ್ನೆ ನಾನು ಕುಡಿದಿದ್ದೆ," ಅಂತ ಶುರುಮಾಡಿದಳು ಇಮಾನಿ. ಏಟು ಬೀಳುತ್ತದೆ ಅನ್ನುವ ಹಾಗೆ ಭುಜ ಮೇಲಕ್ಕೆತ್ತಿಕೊಂಡು.

"ಆಯಿತು," ಅಂದಳು ನರ್ಸು. "ಎಲ್ಲೆಲ್ಲಿ ನೋಯುತ್ತಿದೆ, ನಿಧಾನವಾಗಿ ತೋರಿಸಿ."

ಇಮಾನಿ ಎಡಗೈಯಲ್ಲಿ ನನ್ನನ್ನು ಹಿಡಿದುಕೊಂಡೇ ಬಲಗೈಯಲ್ಲಿ ಕೋಟಿನ ಮೇಲಿನ ಗುಂಡಿ ಬಿಚ್ಚಿದಳು.